ಸುಂಕ ಎಣಿಸಿದ್ದು ಸಾಕು, ಲೇಬಲ್ ಓದಿ

ಸಂಪಾದಕರೇ,

ವೈನ್ ಗೋದಾಮಿನ ದಾಳಿ ಬಗ್ಗೆ ನಿನ್ನೆ ನಿಮ್ಮಲ್ಲಿ ಬಂದ ವರದಿ ಓದಿ ಮೈ ಉರಿಯಿತು. ಅಬಕಾರಿಯವರು ಸುಂಕ ಕಟ್ಟದ ಬಾಟ್ಲಿ ಹಿಡಿದರು, ಸಾಲಾಗಿ ಜೋಡಿಸಿ ಫೋಟೊ ತೆಗೆಸಿಕೊಂಡರು. ಅವುಗಳ ಲೇಬಲ್‌ನಲ್ಲಿ ಏನಿದೆ, ಏನಿಲ್ಲ ಅಂತ ಒಬ್ಬರಾದರೂ ನೋಡಿದರಾ?

ಅದೇ ಗೋದಾಮಿನ ಒಂದು ವಿದೇಶಿ ವೈನ್ ಕಳೆದ ವಾರ ನಮ್ಮ ಮನೆಗೂ ಬಂದಿತ್ತು. ಅಕ್ಕನಿಗೆ ಅಸ್ತಮಾ. ವೈನ್ ಕೆಡದಿರಲಿ ಅಂತ ಹಾಕುವ ಸಲ್ಫೈಟ್ ಅವಳಿಗೆ ಆಗುವುದಿಲ್ಲ, ಹಾಗಾಗಿ ಏನೇ ತಂದರೂ ಮೊದಲು ಲೇಬಲ್ ಓದುತ್ತಾಳೆ. ಈ ಬಾಟ್ಲಿಯನ್ನೂ ಓದಿದಳು. ಆದರೆ ಆಮದು ಮಾಡಿದವರು ಹಿಂದಿನ ಲೇಬಲ್ ಮೇಲೇ ತಮ್ಮ ಸ್ಟಿಕ್ಕರ್ ಅಂಟಿಸಿದ್ದರು, ಅದರಲ್ಲಿ ಸಲ್ಫೈಟ್ ಅನ್ನುವ ಮಾತೇ ಇರಲಿಲ್ಲ. ಆಮೇಲೆ ಕೆರೆದು ನೋಡಿದರೆ ಅಡಿಯಲ್ಲಿ ಅದು ಸ್ಪಷ್ಟವಾಗಿ ಅಚ್ಚಾಗಿತ್ತು. ಅಷ್ಟರಲ್ಲಿ ಅವಳು ಅರ್ಧ ಗ್ಲಾಸ್ ಕುಡಿದಾಗಿತ್ತು. ರಾತ್ರಿಯೆಲ್ಲ ಇನ್ಹೇಲರ್, ಬೆಳಗಾದರೆ ಆಸ್ಪತ್ರೆ, ನನ್ನ ಕೆಲಸ ಹಾಳು, ಅಮ್ಮನಿಗೆ ಬಿಪಿ ಏರಿದ್ದು ಬೇರೆ.

ಕಾನೂನು ಇಲ್ಲ ಅಂತಲ್ಲ. ಕೆಜಿಗೆ 10 ಮಿಲಿಗ್ರಾಂ ಅಥವಾ ಜಾಸ್ತಿ ಸಲ್ಫೈಟ್ ಇದ್ದರೆ ಲೇಬಲ್ ಮೇಲೆ ಹೇಳಲೇಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಮದ್ಯವೂ ಆಹಾರವೇ. ಮದ್ಯಕ್ಕೆ ಅಂತಲೇ 2018ರಲ್ಲಿ ಮಾಡಿದ ನಿಯಮಗಳು 2019ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಲೈಸೆನ್ಸ್, ಸುಂಕ, ಮಾರಾಟ ರಾಜ್ಯದ ಕೈಯಲ್ಲಿ, ಬಾಟ್ಲಿಯೊಳಗಿನ ಗುಣಮಟ್ಟ, ಲೇಬಲ್ ಕೇಂದ್ರದ ನಿಯಮದಲ್ಲಿ. ಜನ ಸಿಕ್ಕಿಹಾಕಿಕೊಳ್ಳುವುದೇ ಇವೆರಡರ ನಡುವೆ. ಅಬಕಾರಿಯವರಿಗೆ ಫೋನ್ ಮಾಡಿದರೆ ‘ಲೇಬಲ್ ನಮ್ಮದಲ್ಲ, ಆಹಾರದವರನ್ನು ಕೇಳಿ’ ಅಂದರು. ಆಹಾರದವರು ‘ಮದ್ಯ ಅಂದರೆ ಅಬಕಾರಿ ಅಲ್ವಾ’ ಅಂದರು. ತಮ್ಮ ಕಾಯ್ದೆಯಲ್ಲಿ ಏನಿದೆ ಅಂತ ತಮಗೇ ಗೊತ್ತಿಲ್ಲದವರು ಆ ಕುರ್ಚಿಯಲ್ಲಿ ಯಾಕೆ ಕೂತಿದ್ದಾರೆ?

1985ರಲ್ಲಿ ಆಸ್ಟ್ರಿಯಾದಲ್ಲಿ ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷಕಾರಿ ರಾಸಾಯನಿಕ ಬೆರೆಸಿದ್ದು ಸಿಕ್ಕಿಬಿತ್ತು. ಆ ದೇಶ ಅದೇ ವರ್ಷ ವೈನ್ ಕಾನೂನನ್ನು ಬಿಗಿ ಮಾಡಿತು. ಮರುವರ್ಷ ಇಟಲಿಯಲ್ಲಿ ಮೆಥನಾಲ್ ಬೆರೆಸಿದ ವೈನ್ ಕುಡಿದು ಇಪ್ಪತ್ತಕ್ಕೂ ಜಾಸ್ತಿ ಜನ ಸತ್ತರು. ಒಳಗೆ ಏನಿದೆ ಅಂತ ಕುಡಿಯುವವನಿಗೆ ತಿಳಿಯಬೇಕು ಅನ್ನುವುದು ಇಂಥ ಸಾವುಗಳಿಂದ ಕಲಿತ ಪಾಠ. ನಮ್ಮವರು ಅದಕ್ಕೂ ಯಾರಾದರೂ ಸಾಯಲಿ ಅಂತ ಕಾಯುತ್ತಿದ್ದಾರಾ?

ಎಂಆರ್‌ಪಿಗಿಂತ ಜಾಸ್ತಿ ವಸೂಲಿ ಮಾಡುತ್ತಾರೆ ಅಂತ ಹಿಂದೆಯೂ ದೂರು ಕೊಟ್ಟಿದ್ದೆ, ಅದಕ್ಕೂ ಉತ್ತರವಿಲ್ಲ. ಸುಂಕ ಒಂದು ರೂಪಾಯಿ ಕಡಿಮೆ ಬಿದ್ದರೆ ಓಡಿ ಬರುವವರು ಜನರ ಉಸಿರಿನ ವಿಷಯ ಬಂದಾಗ ಎಲ್ಲಿ ಹೋಗುತ್ತಾರೆ?

ಸ್ಟಿಕ್ಕರ್ ಹಚ್ಚಿದವರ ಮೇಲೆ ಕ್ರಮ ಆಗಲಿ. ಇಲ್ಲ, ಎರಡೂ ಇಲಾಖೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಯಾರ ಕೆಲಸ ಯಾವುದು ಅಂತ ಬರೆಸಿಕೊಳ್ಳಿ. ಏನಾದರೂ ಮಾಡಿ. ಸಂಬಳ ತೆಗೆದುಕೊಳ್ಳುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವಾ?

— ನೊಂದ ಓದುಗ