ಗೇಟು ತೆರೆದ ಮೇಲೆ ಇಳಿಯುವ ಆಡ್ಸ್

ಮಾನ್ಯ ಸಂಪಾದಕರೇ,

ನಾನು ನಿವೃತ್ತ ಗಣಿತ ಮೇಷ್ಟ್ರು. ಮೂವತ್ತೆರಡು ವರ್ಷಗಳಿಂದ ಕುದುರೆ ರೇಸ್ ನೋಡುತ್ತಿದ್ದೇನೆ. ಕಟ್ಟುವುದು ಸಣ್ಣ ಮೊತ್ತ. ಆದರೆ ನೋಡಿದ ಪ್ರತಿ ರೇಸೂ ನನ್ನ ಚೌಕುಳಿ ಹಾಳೆಯ ಪುಸ್ತಕದಲ್ಲಿದೆ: ಎಷ್ಟು ಕುದುರೆ ಓಡಿದವು, ಕಟ್ಟುವಾಗ ಆಡ್ಸ್ (ಗೆದ್ದರೆ ಕಟ್ಟಿದ ಒಂದು ರೂಪಾಯಿಗೆ ಸಿಗುವ ಹಣ) ಎಷ್ಟಿತ್ತು, ಕೊನೆಗೆ ಎಷ್ಟಾಯಿತು.

ಕಳೆದ ತಿಂಗಳು, ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್‌ನಲ್ಲಿ ಒಂದು ಕಂದು ಹೆಣ್ಣು ಕುದುರೆ ಕಣ್ಣಿಗೆ ಬಿತ್ತು. ಮೈಯಲ್ಲಿ ಬೆವರಿಲ್ಲ, ಬಿಗಿಯಿಲ್ಲದ ನಡಿಗೆ, ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳುತ್ತಿತ್ತು. ಆಡ್ಸ್ ತೋರಿಸುವ ಟೋಟ್ ಬೋರ್ಡಿನಲ್ಲಿ ಒಂದಕ್ಕೆ ಎಂಟು. ಕಟ್ಟಿದೆ, ಗೆದ್ದಿತು. ಕೈಗೆ ಬಂದದ್ದು ಮಾತ್ರ ಒಂದಕ್ಕೆ ನಾಲ್ಕೂ ಚಿಲ್ಲರೆ. ಕುದುರೆಗಳು ಮೊದಲ ತಿರುವು ದಾಟುವಷ್ಟರಲ್ಲಿ ಬೋರ್ಡಿನ ಅಂಕಿ ಅರ್ಧಕ್ಕೆ ಇಳಿದಿತ್ತು. ರೇಸ್ ಶುರುವಾದ ಮೇಲೂ ದುಡ್ಡು ತೆಗೆದುಕೊಂಡಿದ್ದಾರೆ, ಮೋಸ ಎಂದು ಪಕ್ಕದವರು ಕೂಗಾಡಿದರು. ಮೋಸವೇ ಆಗಿರಬೇಕೆಂದಿಲ್ಲ. ಬೇರೆ ಬೇರೆ ಕಡೆಯಿಂದ ಕೊನೆಯ ಕ್ಷಣದಲ್ಲಿ ಬಂದ ಹಣ ಕೂಡಿ ಬೋರ್ಡಿಗೆ ಏರುವಷ್ಟರಲ್ಲಿ ಗೇಟು ತೆರೆದಿರುತ್ತದೆ.

ಲೆಕ್ಕ ಹಾಕಿ ನೋಡಿ. ಪೂಲ್‌ನಲ್ಲಿ, ಅಂದರೆ ಎಲ್ಲರೂ ಕಟ್ಟಿದ ಹಣದ ಒಟ್ಟು ರಾಶಿಯಲ್ಲಿ, 1,00,000 ಇದೆ. ನಡೆಸುವವರ ಪಾಲು ಶೇ 20 ಎನ್ನೋಣ. ಗೆದ್ದವರಿಗೆ ಹಂಚಲು ಉಳಿಯುವುದು 80,000. ನನ್ನ ಕುದುರೆಯ ಮೇಲೆ 10,000 ಇದ್ದರೆ ಒಂದಕ್ಕೆ 8. ಕೊನೆಯ ಕ್ಷಣದಲ್ಲಿ ಯಾರೋ ಅದೇ ಕುದುರೆಯ ಮೇಲೆ ಇನ್ನೊಂದು 10,000 ಸುರಿದರು. ಈಗ ಹಂಚಲು 88,000, ಪಾಲು ಕೇಳುವ ಹಣ 20,000, ಒಂದಕ್ಕೆ 4.4. ಅದೇ ಪೂಲ್ ಹತ್ತು ಪಟ್ಟು ದೊಡ್ಡದಿದ್ದು, ಎಲ್ಲ ಕುದುರೆಗಳ ಮೇಲಿನ ಹಣವೂ ಅದೇ ಪ್ರಮಾಣದಲ್ಲಿದ್ದಿದ್ದರೆ, ಆ 10,000 ಬಿದ್ದ ಮೇಲೂ ನನಗೆ 7.3 ಸಿಗುತ್ತಿತ್ತು.

ಕೊನೆಯ ಕ್ಷಣದಲ್ಲಿ ಹೀಗೆ ಸುರಿಯುವವರು ಬಹುಮಟ್ಟಿಗೆ ಕಂಪ್ಯೂಟರ್ ಇಟ್ಟುಕೊಂಡ ತಂಡಗಳು. ಎಲ್ಲರ ಹಣ ಎಲ್ಲೆಲ್ಲಿದೆ ಎಂದು ನೋಡಿ, ಯಾವ ಕುದುರೆಯ ಆಡ್ಸ್ ಅದರ ಯೋಗ್ಯತೆಗಿಂತ ಹೆಚ್ಚಿದೆಯೋ ಅಲ್ಲಿಗೆ ಕೈ ಹಾಕುತ್ತವೆ. ಅವು ಆಡುವ ಮೊತ್ತ ದೊಡ್ಡದು; ಹಾಗಾಗಿ ಅದರಲ್ಲೊಂದು ಭಾಗ ರಿಯಾಯಿತಿಯಾಗಿ ಅವಕ್ಕೆ ವಾಪಸ್ಸಾಗುತ್ತದೆ. ನನ್ನಂಥವರಿಗೆ ಅದಿಲ್ಲ. ಅವರ ಜಾಣ್ಮೆಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಇಬ್ಬರೂ ಒಂದೇ ಪೂಲ್‌ಗೆ ಹಣ ಹಾಕುವಾಗ ಒಬ್ಬರಿಗೆ ಮಾತ್ರ ರಿಯಾಯಿತಿ ಸಿಗುವುದು ಸಮಪಂದ್ಯವಲ್ಲ. ನ್ಯೂಯಾರ್ಕ್‌ನ ರೇಸ್‌ಗಳಲ್ಲಿ ಗೆಲುವಿನ ಪೂಲ್ ಅನ್ನು ಈ ತಂಡಗಳಿಗೆ ಉಳಿದವರಿಗಿಂತ ಮೊದಲೇ ಮುಚ್ಚುವ ನಿಯಮ ತಂದರು. ಅದು ಎಲ್ಲ ಕಡೆಯೂ, ಎಲ್ಲ ಪೂಲ್‌ಗಳಿಗೂ ಬರಬೇಕು.

ಇಷ್ಟರಿಂದಲೇ ಸರಿಹೋಗುವುದಿಲ್ಲ, ಏಕೆಂದರೆ ಓಡುವ ಕುದುರೆಗಳು ಕಡಿಮೆಯಾಗಿ ಪೂಲ್‌ಗಳೇ ಬಡವಾಗುತ್ತಿವೆ. ಹನ್ನೆರಡು ಕುದುರೆ ಓಡಿದರೆ ಮೊದಲ ಮೂರು ಸ್ಥಾನ 1,320 ಬಗೆಯಲ್ಲಿ ತುಂಬಬಹುದು. ಐದೇ ಓಡಿದರೆ 60 ಬಗೆ. ಅಷ್ಟರಲ್ಲಿ ಊಹೆಗೆ ಜಾಗವೆಲ್ಲಿ? ಬ್ರಿಟನ್‌ನಲ್ಲಂತೂ ಸಾಮಾನ್ಯವಾಗಿ ಎಂಟು ಕುದುರೆಗಿಂತ ಕಡಿಮೆಯಾದರೆ ಮೂರನೆಯ ಸ್ಥಾನಕ್ಕೆ ಪ್ಲೇಸ್ ಹಣವೇ (ಗೆಲ್ಲದಿದ್ದರೂ ಮೊದಲ ಕೆಲವು ಸ್ಥಾನಗಳಲ್ಲಿ ಬಂದರೆ ಸಿಗುವ ಹಣ) ಇಲ್ಲ. ಜನ ಬೇಸತ್ತು ಕಟ್ಟುವುದು ಬಿಡುತ್ತಾರೆ, ಪೂಲ್ ಇನ್ನಷ್ಟು ಸಣ್ಣದಾಗುತ್ತದೆ, ಕಂಪ್ಯೂಟರಿನ ಹೊಡೆತ ಇನ್ನಷ್ಟು ಜೋರಾಗುತ್ತದೆ.

ಕುದುರೆಗಳು ಎಲ್ಲಿ ಹೋದವು? ಉತ್ತರ ಅಮೆರಿಕದಲ್ಲಿ 1986ರಲ್ಲಿ ಹುಟ್ಟಿದ ಥೊರೊಬ್ರೆಡ್ (ರೇಸ್ ಕುದುರೆಯ ತಳಿ) ಮರಿಗಳು 50,000ಕ್ಕೂ ಹೆಚ್ಚು. ಈಗ ವರ್ಷಕ್ಕೆ 20,000ವೂ ಇಲ್ಲ. ಹುಟ್ಟಿದವೂ ಹೆಚ್ಚು ಓಡುವುದಿಲ್ಲ. ಸೈಟೇಶನ್ ಎಂಬ ಕುದುರೆ 1948ರಲ್ಲಿ, ಅದೊಂದೇ ವರ್ಷದಲ್ಲಿ, 20 ರೇಸ್ ಓಡಿ 19 ಗೆದ್ದಿತ್ತು; ಅಮೆರಿಕದ ಮೂರು ದೊಡ್ಡ ರೇಸ್‌ಗಳನ್ನೂ ಗೆದ್ದರೆ ಸಿಗುವ ಟ್ರಿಪಲ್ ಕ್ರೌನ್ ಕೂಡ ಅದರಲ್ಲಿತ್ತು. 2018ರಲ್ಲಿ ಅದೇ ಟ್ರಿಪಲ್ ಕ್ರೌನ್ ಗೆದ್ದ ಜಸ್ಟಿಫೈ ಬದುಕಿನಲ್ಲಿ ಓಡಿದ್ದು ಒಟ್ಟು ಆರೇ ರೇಸ್. ಆಮೇಲೆ ಸೀದಾ ತಳಿ ಬೆಳೆಸುವ ಸ್ಟಡ್ ಫಾರ್ಮ್. ಬಹುಮಾನದ ಹಣಕ್ಕಿಂತ ತಳಿಯ ಹಣವೇ ದೊಡ್ಡದಾದಾಗ ಮಾಲೀಕ ಇನ್ನೊಂದು ರೇಸಿಗೆ ಇಳಿಸಿ ಸೋಲಿನ ಕಳಂಕ ಏಕೆ ಹಚ್ಚಿಸಿಕೊಳ್ಳುತ್ತಾನೆ? ಥೊರೊಬ್ರೆಡ್‌ನಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಆದರೂ ಬೇಡಿಕೆಯ ಗಂಡು ಕುದುರೆಗಳು ಒಂದೇ ಋತುವಿನಲ್ಲಿ 200ಕ್ಕೂ ಹೆಚ್ಚು ಹೆಣ್ಣು ಕುದುರೆಗಳನ್ನು ಕೂಡುತ್ತವೆ. ಥೊರೊಬ್ರೆಡ್ ತಳಿಯ ದಾಖಲೆ ಇಡುವ ಅಮೆರಿಕದ ಜಾಕಿ ಕ್ಲಬ್ 2020ರಲ್ಲಿ ಇದಕ್ಕೆ 140ರ ಮಿತಿ ಹಾಕಿ, 2022ರಲ್ಲಿ ಹಿಂತೆಗೆದುಕೊಂಡಿತು. ಆ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಬೇಸರವಾಯಿತು. ಒಂದೇ ರಕ್ತ ಎಲ್ಲ ಲಾಯಗಳಲ್ಲೂ ತುಂಬಿಕೊಂಡರೆ ನಾಳೆಯ ಕುದುರೆಗಳ ಗತಿಯೇನು?

ಕುದುರೆಗೆ ಕಡಿಮೆ ದಣಿವಾಗಲಿ, ಔಷಧ ಮತ್ತು ಚಾಟಿಯ ನಿಯಮ ಬಿಗಿಯಾಗಲಿ. ಅದಕ್ಕೆ ನನ್ನ ತಕರಾರಿಲ್ಲ, ಸಂತೋಷವೇ ಇದೆ. ಮಾರಾಟದ ಬೆಲೆ ಕಾಪಾಡಲೆಂದು ಓಡಬಲ್ಲ ಕುದುರೆಯನ್ನು ಲಾಯದಲ್ಲಿ ಕಟ್ಟಿಹಾಕುವುದು ಬೇರೆ ಮಾತು.

ತಮ್ಮಲ್ಲಿ ಒಂದು ಕೋರಿಕೆ. ಕ್ರೀಡಾಪುಟದ ರೇಸ್ ಫಲಿತಾಂಶದಲ್ಲಿ ಗೆದ್ದ ಕುದುರೆ, ಜಾಕಿ, ಸಮಯ ಇರುತ್ತದೆ. ಅದರ ಪಕ್ಕದಲ್ಲಿ ಎಷ್ಟು ಕುದುರೆ ಓಡಿದವು, ರೇಸಿಗೆ ಐದು ನಿಮಿಷ ಮುಂಚೆ ಗೆದ್ದ ಕುದುರೆಯ ಟೋಟ್ ಆಡ್ಸ್ ಎಷ್ಟಿತ್ತು, ಕೊನೆಗೆ ಎಷ್ಟಕ್ಕೆ ನಿಂತಿತು ಎಂಬ ಮೂರು ಅಂಕಿಗಳನ್ನೂ ಹಾಕಿ. ಒಂದು ಸಾಲಿನ ಜಾಗ ಸಾಕು. ಈಗ ಅವು ನನ್ನ ಪುಸ್ತಕದಲ್ಲಿ ಮಾತ್ರ ಇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ