ಉಳಿದ ಗದ್ದೆಯ ನೀರನ್ನಾದರೂ ಉಳಿಸಿ: ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರಗಳು. ಹೆದ್ದಾರಿಗಾಗಿ ಕೆಲವು ವರ್ಷಗಳ ಹಿಂದೆ ಜಮೀನು ಬಿಟ್ಟುಕೊಟ್ಟ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಕುಟುಂಬವೊಂದರ ಮಗಳು ನಾನು. ರಸ್ತೆಯ ಬಗ್ಗೆ ನಮಗೆ ತಕರಾರಿಲ್ಲ. ಕಬ್ಬಿನ ಲಾರಿಯೂ ಆಂಬುಲೆನ್ಸೂ ಅದರ ಮೇಲೆಯೇ ಓಡಬೇಕು. ರಸ್ತೆಗೆ ಹೋಗದೆ ನಮ್ಮ ಹೆಸರಿನಲ್ಲೇ ಉಳಿದ ಗದ್ದೆಯ ಪಾಡನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಒಂದೂವರೆ ಎಕರೆಯಲ್ಲಿ 22 ಗುಂಟೆ ರಸ್ತೆಗೆ ಹೋಗಿ, ಉಳಿದದ್ದು ಎರಡು ತುಂಡಾಯಿತು. ರಸ್ತೆಯಾಚೆಯ 14 ಗುಂಟೆಗೆ ನೀರು ಹರಿಯುತ್ತಿದ್ದುದು ಈಚೆಯ ತೂಬಿನಿಂದ. ಮಣ್ಣು ಏರಿಸುವಾಗ ಹೊಲಗಾಲುವೆ ಮುಚ್ಚಿಹೋಯಿತು. ಅದರ ಬದಲಿಗೆ ಕೂರಿಸಿದ ಸಿಮೆಂಟ್ ಕೊಳವೆಯ ಬಾಯಿ ಕಾಲುವೆಯ ನೀರಿಗಿಂತ ಒಂದು ಮೊಳ ಮೇಲಿದೆ. ನಮ್ಮ ತಂದೆ ಎರಡು ಹಂಗಾಮು ಮರಳಿನ ಚೀಲ ಒಡ್ಡಿ ನೀರನ್ನು ಏರಿಸಲು ನೋಡಿದರು. ಕಟ್ಟಿ ನಿಂತ ನೀರು ಪಕ್ಕದವರ ಪೈರಿಗೆ ನುಗ್ಗಿತೇ ಹೊರತು ಕೊಳವೆಗೆ ಹತ್ತಲಿಲ್ಲ. ಭತ್ತ ಬೆಳೆಯುತ್ತಿದ್ದ ಆ ತುಂಡಿನಲ್ಲಿ ಈಗ ಪಾರ್ಥೇನಿಯಂ ಬೆಳೆದಿದೆ; ಪಹಣಿಯಲ್ಲಿ ಅದು ಇಂದಿಗೂ ತರಿ, ಅಂದರೆ ನೀರಾವರಿ ಜಮೀನು.

1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಜಿ ಕಲಮು, ಪರಿಹಾರ ನಿಗದಿಪಡಿಸುವಾಗ ಮಾರುಕಟ್ಟೆ ಬೆಲೆಯಲ್ಲದೆ ಜಮೀನು ತುಂಡಾಗುವುದರಿಂದ ಆಗುವ ನಷ್ಟವನ್ನೂ ಪರಿಗಣಿಸಬೇಕೆನ್ನುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ 28ನೇ ಕಲಮಿನಲ್ಲೂ ಅದೇ ಇದೆ. ನಮಗೆ ಬಂದ ಐತೀರ್ಪಿನಲ್ಲಿ (ಪರಿಹಾರ ನಿಗದಿಪಡಿಸುವ ಆದೇಶದಲ್ಲಿ) 22 ಗುಂಟೆಯ ಬೆಲೆಯಿತ್ತು, ತೆಂಗಿನ ಮರಗಳ ಲೆಕ್ಕವಿತ್ತು. ನೀರು ಕಳೆದುಕೊಂಡ 14 ಗುಂಟೆಯ ಸುದ್ದಿಯೇ ಇರಲಿಲ್ಲ. ಹೆದ್ದಾರಿ ಕಾಯ್ದೆಯಡಿ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು ಎಂಬುದು ನಿಜ. ಆದರೆ ಕೊಳವೆ ಎಷ್ಟು ಎತ್ತರಕ್ಕೆ ಕೂರುತ್ತದೆಂಬುದು ಮಣ್ಣು ಬಿದ್ದ ಮೇಲಲ್ಲವೇ ರೈತನ ಕಣ್ಣಿಗೆ ಬೀಳುವುದು?

ನೀರಾವರಿಯ ಬಹುಬೆಳೆ ಭೂಮಿಯನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಸ್ವಾಧೀನಪಡಿಸಿಕೊಳ್ಳಬೇಕೆಂದು 2013ರ ಕಾಯ್ದೆ ವಿಧಿಸಿದರೂ, ಹೆದ್ದಾರಿ, ರೈಲುಮಾರ್ಗ, ಕಾಲುವೆಗಳಂಥ ಉದ್ದುದ್ದ ಸಾಗುವ ಯೋಜನೆಗಳನ್ನು ಆ ನಿರ್ಬಂಧದಿಂದ ಹೊರಗಿಟ್ಟಿದೆ. ಹೀಗಾಗಿ ನಮ್ಮ ಜಿಲ್ಲೆಯ ಗದ್ದೆಗಳಿಗೆ ಆ ಆಸರೆಯೂ ಇಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದಿಷ್ಟು. ಮುಂದೆ ಜಿಲ್ಲೆಯಲ್ಲಿ ಯಾವ ರಸ್ತೆಗೆ ಜಂಟಿ ಅಳತೆ ನಡೆದರೂ, ಭೂಮಾಪಕರ ಜೊತೆ ನೀರಾವರಿ ಇಲಾಖೆಯ ಎಂಜಿನಿಯರನ್ನೂ ಆ ಬಯಲಿನ ಗದ್ದೆಗಳಿಗೆ ನೀರು ಹಾಯಿಸುವ ನೀರುಗಂಟಿಯನ್ನೂ ಕಳುಹಿಸಿ, ಪ್ರತಿಯೊಂದು ತೂಬು ಮತ್ತು ಹೊಲಗಾಲುವೆ ನಕ್ಷೆಯಲ್ಲಿ ದಾಖಲಾಗುವಂತೆ ಆದೇಶಿಸಬೇಕು. ಮಣ್ಣು ಏರಿಸುವ ಮೊದಲೇ ಕೊಳವೆ ಹಾಕಿ, ನೀರು ಹರಿಸಿ ನೋಡಿ, ಆ ರೈತರ ಸಹಿ ಪಡೆಯಬೇಕು. ನೀರು ತಲುಪಿಸಲಾಗದ ತುಂಡುಗಳ ನಷ್ಟವನ್ನು ಐತೀರ್ಪಿನಲ್ಲಿ ಬೇರೆಯಾಗಿಯೇ ಕಾಣಿಸಬೇಕು. ಈಗಾಗಲೇ ನೀರು ಕಳೆದುಕೊಂಡವರ ಅರ್ಜಿಗಳನ್ನು ತಾಲ್ಲೂಕುವಾರು ಸ್ವೀಕರಿಸಿ, ಕೊಳವೆ ತಗ್ಗಿಸಲು ಸಾಧ್ಯವಿರುವ ಕಡೆಯಾದರೂ ತಗ್ಗಿಸಿಕೊಡಬೇಕು.

ಮುಂಗಾರಿಗೆ ನಾಲೆಯಲ್ಲಿ ನೀರು ಬಿಟ್ಟ ವಾರದಲ್ಲಿ ಒಂದು ಬೆಳಿಗ್ಗೆ ತಾವೇ ಬಂದು ನೋಡಬೇಕೆಂದು ಕೋರುತ್ತೇನೆ. ನೀರು ಎಲ್ಲಿಯವರೆಗೆ ಬಂದು ನಿಲ್ಲುತ್ತದೆಂಬುದನ್ನು ನಮ್ಮ ತಂದೆ ಕೊಳವೆಯ ಬಳಿ ನಿಂತು ತೋರಿಸುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಮಂಡ್ಯ ತಾಲ್ಲೂಕಿನ ರೈತರೊಬ್ಬರ ಮಗಳು