ತಾಳೆಗರಿ ಸ್ಕ್ಯಾನಿಗೆ ದುಡ್ಡಿದೆ, ಓದುವವರ ಸಂಬಳಕ್ಕಿಲ್ಲ: ಕೇಂದ್ರ ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹಣಕಾಸು ಮತ್ತು ಕಾರ್ಪೊರೇಟ್ ವ್ಯವಹಾರಗಳು, ಎರಡೂ ಖಾತೆಗಳು ತಮ್ಮಲ್ಲೇ ಇವೆ. ರಾಜ್ಯಸಭೆಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವವರೂ ತಾವೇ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇವೆ. ನಾವು ಇಲ್ಲಿ ಎತ್ತುವ ತೊಡಕುಗಳಲ್ಲಿ ಕೆಲವು ಆದಾಯ ತೆರಿಗೆ ಕಾಯ್ದೆಯಲ್ಲಿವೆ, ಕೆಲವು ಕಂಪನಿ ಕಾಯ್ದೆಯ ಸಿಎಸ್‌ಆರ್, ಅಂದರೆ ಕಂಪನಿಗಳು ತಮ್ಮ ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡಬೇಕೆನ್ನುವ ನಿಯಮಗಳಲ್ಲಿವೆ. ಎರಡು ಇಲಾಖೆಗಳ ನಡುವೆ ಕಡತ ಓಡಾಡಬೇಕಾದ ಪ್ರಮೇಯ ಇಲ್ಲ.

ದತ್ತಿ ಪ್ರತಿಷ್ಠಾನಗಳ ಹಣ ಸರ್ಕಾರದ ಹಣದ ಮುಂದೆ ತೀರಾ ಚಿಕ್ಕದು. ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯಗಳನ್ನು ನಡೆಸುವ ಹೊಣೆ ಸರ್ಕಾರದ್ದೇ, ಅದನ್ನು ಪ್ರತಿಷ್ಠಾನಗಳ ಹೆಗಲಿಗೆ ದಾಟಿಸಬೇಕೆಂದು ನಾವು ಹೇಳುತ್ತಿಲ್ಲ. ಈ ಹಣದ ಬೆಲೆ ಇರುವುದು ಬೇರೆ ಕಡೆ: ಯಾರೂ ನಂಬದ ಹೊತ್ತಿನಲ್ಲಿ ಅದು ಮೊದಲು ಬರಬಲ್ಲದು, ಉದ್ಘಾಟನೆಯ ಗದ್ದಲ ಮುಗಿದ ಮೇಲೂ ಉಳಿಯಬಲ್ಲದು. ಈಗಿನ ನಿಯಮಗಳು ಮಾತ್ರ ಅದನ್ನು ಮಾರ್ಚ್ 31ರೊಳಗೆ ಖರ್ಚಾಗುವ, ಫೋಟೊಗೆ ಸಿಗುವ ಕೆಲಸಗಳ ಕಡೆಗೇ ತಳ್ಳುತ್ತಿವೆ.

ಇತಿಹಾಸ ತಮಗೆ ಗೊತ್ತಿರುವುದೇ. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ರೂಪುಗೊಂಡದ್ದು ಜೆಮ್‌ಶೆಡ್‌ಜಿ ಟಾಟಾ ಅವರ ದತ್ತಿ ಮತ್ತು ಮೈಸೂರು ಸಂಸ್ಥಾನ ಕೊಟ್ಟ ಸುಮಾರು 371 ಎಕರೆ ಜಮೀನಿನಿಂದ. 1944ರ ಮಾರ್ಚ್‌ನಲ್ಲಿ ಹೋಮಿ ಭಾಭಾ ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದರು, ಮರುವರ್ಷವೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಶುರುವಾಯಿತು. ಅಣುಶಕ್ತಿ ಆಯೋಗ ಹುಟ್ಟಿದ್ದು ಅದಾದ ಮೇಲೆ, 1948ರಲ್ಲಿ. ಅದೇ ಟ್ರಸ್ಟ್ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆ 1957ರಲ್ಲಿ ಆರೋಗ್ಯ ಸಚಿವಾಲಯಕ್ಕೂ 1962ರಲ್ಲಿ ಅಣುಶಕ್ತಿ ಇಲಾಖೆಗೂ ಹೋಯಿತು. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಕೇಂದ್ರದ ಅನುದಾನಕ್ಕೆ ಒಳಪಟ್ಟಿದ್ದು ಅವರು ತೀರಿಕೊಂಡ ನಂತರ, 1972ರಲ್ಲಿ. ಎಲ್ಲ ಕಡೆಯೂ ಮೊದಲು ಧೈರ್ಯ ಮಾಡಿದ್ದು ಖಾಸಗಿ ದತ್ತಿ, ಆಮೇಲೆ ಕೈಹಿಡಿದದ್ದು ಸರ್ಕಾರ. ಇಂಥದೊಂದು ಸಂಸ್ಥೆಯನ್ನು ಇವತ್ತು ಶುರುಮಾಡಲು ಹೊರಟರೆ ಎಲ್ಲೆಲ್ಲಿ ಮುಗ್ಗರಿಸಬೇಕಾಗುತ್ತದೆ ಎಂಬುದೇ ಈ ಪತ್ರದ ವಿಷಯ.

ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಒಂದು ಚಿಕ್ಕ ಟ್ರಸ್ಟಿನ ಬಳಿ ಸಾವಿರ ಕಟ್ಟು ತಾಳೆಗರಿಗಳಿವೆ ಎಂದುಕೊಳ್ಳಿ. ಮೊದಲು ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಬೇಕು. ಕಂಟದಿಂದ ಕೊರೆದ ಗರಿಯಾದರೆ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಬಹುದು. ಶಾಯಿಯಲ್ಲಿ ಮೇಲ್ಮೈಗೆ ಬರೆದದ್ದನ್ನು ಹಾಗೆ ಒರೆಸಿದರೆ ಅಕ್ಷರವೇ ಹೋಗುತ್ತದೆ, ಎರಡನ್ನೂ ಬೇರ್ಪಡಿಸಲು ತಿಳಿದವರು ಬೇಕು. ಬಿರುಸಾದ ಗರಿಗೆ ಸಿಟ್ರೊನೆಲ್ಲಾ ಎಣ್ಣೆ ತೆಳ್ಳಗೆ ಸವರಬೇಕು, ಮಾಸಿದ ಕೊರೆತಕ್ಕೆ ದೀಪದ ಮಸಿ ತುಂಬಬೇಕು, ಹಳೆಯ ದಾರ ತೆಗೆದು ಹೊಸದು ಪೋಣಿಸಬೇಕು. ಆಮೇಲೆ ಸ್ಕ್ಯಾನ್. 40 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಗರಿಯ ಒಂದು ಬದಿಯನ್ನು 600 ಡಿಪಿಐನಲ್ಲಿ, ಕುಗ್ಗಿಸದ ಟಿಫ್ ಕಡತವಾಗಿ ಉಳಿಸಿದರೆ ಸುಮಾರು 27 ಎಂಬಿ. ನೂರು ಗರಿಯ ಕಟ್ಟಿಗೆ ಎರಡೂ ಬದಿ ಸೇರಿ 5 ಜಿಬಿ ದಾಟುತ್ತದೆ, ಸಾವಿರ ಕಟ್ಟಿಗೆ 5 ಟಿಬಿ ದಾಟುತ್ತದೆ. ಒಂದು ಪ್ರತಿ ಕೆಟ್ಟರೆ ಇನ್ನೊಂದಿರಲಿ ಎಂದು ಮೂರು ಪ್ರತಿ ಇಟ್ಟರೆ 16 ಟಿಬಿ.

ಇಲ್ಲಿಯವರೆಗೆ ಹಣ ಸಿಗುತ್ತದೆ. ಸ್ಕ್ಯಾನರ್ ಕೊಳ್ಳಲು ಸಿಎಸ್‌ಆರ್ ಬರುತ್ತದೆ, ಯಂತ್ರದ ಮೇಲೆ ಕಂಪನಿಯ ಹೆಸರೂ ಬರುತ್ತದೆ. ಹಣ ಸಿಗದಿರುವುದು ಆಮೇಲಿನದಕ್ಕೆ. ತಿಗಳಾರಿ, ನಂದಿನಾಗರಿ ಲಿಪಿಗಳನ್ನು ಓದಿ ಈ ಕಟ್ಟಿನಲ್ಲಿ ಯಾವ ಕೃತಿ ಇದೆ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಯಾವ ಗರಿ ಕಳೆದಿದೆ ಎಂದು ಬರೆದಿಡುವ ವಿದ್ವಾಂಸರ ಸಂಬಳಕ್ಕೆ ಯಾರೂ ಕೊಡುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಹಾರ್ಡ್ ಡಿಸ್ಕ್ ಬದಲಿಸಿ, ಕಡತಗಳು ಕೆಟ್ಟಿಲ್ಲವೆಂದು ಚೆಕ್‌ಸಮ್ (ಕಡತದ ಗುರುತು ಸಂಖ್ಯೆ) ಹೊಂದಿಸಿ ನೋಡುವವರಿಗೂ ಇಲ್ಲ. ಸೂಚಿ ಇಲ್ಲದ ಐದು ಟಿಬಿ ಚಿತ್ರಗಳು ಯಾರಿಗೂ ಉಪಯೋಗಕ್ಕೆ ಬಾರವು. 1891ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಗ್ರಂಥಾಲಯದಲ್ಲಿ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಬೆಳಕಿಗೆ ಬಂದದ್ದು ಆರ್. ಶಾಮಶಾಸ್ತ್ರಿಗಳು ಕುಳಿತು ಗರಿ ಓದಿದ್ದರಿಂದ.

ಈ ಸಂಬಳದ ತೊಡಕಿನ ಬೇರು ಒಂದು ಅಸ್ಪಷ್ಟ ವಾಕ್ಯದಲ್ಲಿದೆ. ಸಿಎಸ್‌ಆರ್ ನಿಯಮಗಳ ಪ್ರಕಾರ ಆಡಳಿತ ವೆಚ್ಚ ಶೇ 5 ಮೀರಬಾರದು. ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಖರ್ಚಿಗೆ. ಒಂದು ನಿರ್ದಿಷ್ಟ ಯೋಜನೆಯ ವಿನ್ಯಾಸ, ಅನುಷ್ಠಾನ, ಮೇಲ್ವಿಚಾರಣೆಗೆ ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರುವುದಿಲ್ಲ ಎಂದು 2021ರ ಜನವರಿಯ ತಿದ್ದುಪಡಿಯೇ ಹೇಳುತ್ತದೆ. ಆದರೆ ಅದೇ ವರ್ಷದ ಆಗಸ್ಟ್ 25ರ ಸುತ್ತೋಲೆಯ ಪ್ರಶ್ನೋತ್ತರದಲ್ಲಿ, ಅನುಷ್ಠಾನ ಸಂಸ್ಥೆಯ ನಿರ್ವಹಣಾ ವೆಚ್ಚ ಆಡಳಿತ ವೆಚ್ಚವಲ್ಲ, ಅದನ್ನು ಕಂಪನಿ ತೋರಿಸಿಕೊಳ್ಳುವಂತಿಲ್ಲ ಎಂಬ ಅರ್ಥದ ಮಾತಿದೆ. ಒಬ್ಬ ಲೆಕ್ಕಪರಿಶೋಧಕರು ಇದನ್ನು ‘ಶೇ 5ರ ಮಿತಿಗೆ ಒಳಪಡುವುದಿಲ್ಲ’ ಎಂದು ಓದುತ್ತಾರೆ. ಇನ್ನೊಬ್ಬರು ‘ಕೊಡುವಂತೆಯೇ ಇಲ್ಲ’ ಎಂದು ಓದುತ್ತಾರೆ. ಕಂಪನಿಗಳು ಸುರಕ್ಷಿತವಾದ ಎರಡನೆಯ ಅರ್ಥವನ್ನೇ ಹಿಡಿಯುತ್ತವೆ, ಅಥವಾ ತಮ್ಮ ಶೇ 5ನ್ನು ಅನುದಾನ ಪಡೆಯುವ ಸಂಸ್ಥೆಯ ಮೇಲೂ ಹೇರುತ್ತವೆ. ಸೂಚಿಕಾರರ ಸಂಬಳ, ಲೆಕ್ಕಿಗರ ಸಂಬಳ, ಕಟ್ಟಡದ ವಿದ್ಯುತ್ ಬಿಲ್ಲು ಎಲ್ಲವೂ ‘ಓವರ್‌ಹೆಡ್’ ಆಗಿ ಹೊಡೆದುಹೋಗುತ್ತವೆ. ಇದಕ್ಕೆ ಕಾಯ್ದೆ ತಿದ್ದಬೇಕಿಲ್ಲ, ಎರಡು ಸಾಲಿನ ಸ್ಪಷ್ಟೀಕರಣ ಸಾಕು.

ವಿಜ್ಞಾನದ ಕಡೆ ಇದೇ ರೋಗ ಇನ್ನೊಂದು ರೂಪದಲ್ಲಿದೆ. ಸಿಎಸ್‌ಆರ್ ನಿಯಮಗಳಲ್ಲಿ ‘ಮುಂದುವರಿಯುವ ಯೋಜನೆ’ಗೆ ಆರಂಭದ ವರ್ಷ ಬಿಟ್ಟು ಗರಿಷ್ಠ ಮೂರು ವರ್ಷ ಅವಕಾಶ. ಉಪಕರಣದ ವಾರಂಟಿಯೂ ಹೆಚ್ಚುಕಡಿಮೆ ಅಷ್ಟೇ. ಯೋಜನೆ ಮುಗಿಯುವ ಹೊತ್ತಿಗೆ ವಾರ್ಷಿಕ ನಿರ್ವಹಣಾ ಗುತ್ತಿಗೆಯ ಬಿಲ್ಲು ಶುರುವಾಗುತ್ತದೆ, ಕೊಟ್ಟವರು ಅಷ್ಟರಲ್ಲಿ ಹೊರಟಿರುತ್ತಾರೆ. ಕೆಟ್ಟ ಫ್ರೀಜರಿನಲ್ಲಿ ಹೋದ ಮಾದರಿಗಳು ಮತ್ತೆ ಸಿಗುವುದಿಲ್ಲ.

ಇದಕ್ಕೆ ಹಳೆಯ, ಪರೀಕ್ಷೆಗೊಳಗಾದ ಉತ್ತರ ಮೂಲನಿಧಿ, ಅಂದರೆ ಕಾರ್ಪಸ್. ಅಸಲು ಮುಟ್ಟದೆ ಬಡ್ಡಿಯಲ್ಲಿ ಸಂಬಳ ಕೊಡುವುದು. ಆದರೆ 2021ರ ಜನವರಿ 22ರಿಂದ ಯಾವುದೇ ಸಂಸ್ಥೆಯ ಮೂಲನಿಧಿಗೆ ಕೊಟ್ಟ ಹಣ ಸಿಎಸ್‌ಆರ್ ಖರ್ಚಾಗಿ ಲೆಕ್ಕಕ್ಕಿಲ್ಲ. ಕಾರಣ ನಮಗೆ ಅರ್ಥವಾಗುತ್ತದೆ: ಕಂಪನಿಗಳು ತಮ್ಮದೇ ಪ್ರತಿಷ್ಠಾನದ ಮೂಲನಿಧಿಯಲ್ಲಿ ಹಣ ಇಟ್ಟು ‘ಖರ್ಚಾಯಿತು’ ಎನ್ನಬಾರದು. ಹಾಗಾದರೆ ಕಂಪನಿಗೆ ಸಂಬಂಧವೇ ಇಲ್ಲದ ಸಂಸ್ಥೆಗಳಿಗೆ ಮಾತ್ರ, ವರ್ಷದ ಸಿಎಸ್‌ಆರ್ ಮೊತ್ತದ ಒಂದು ಮಿತಿಯೊಳಗೆ, ಅಸಲನ್ನು ಹತ್ತು ವರ್ಷ ಮುಟ್ಟಬಾರದೆಂಬ ಷರತ್ತಿನೊಂದಿಗೆ ಅವಕಾಶ ಕೊಡಿ. ಮೂಲನಿಧಿ ಸಿಕ್ಕಿತೆಂದು ಸಂಸ್ಥೆಗಳೂ ಹಿಗ್ಗಬೇಕಿಲ್ಲ. ಒಂದು ಕೋಟಿಗೆ ಶೇ 7ರಂತೆ ವರ್ಷಕ್ಕೆ 7 ಲಕ್ಷ ಬರುತ್ತದೆ. ಅಷ್ಟನ್ನೂ ಖರ್ಚು ಮಾಡುತ್ತಾ ಹೋದರೆ, ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೂ, ಹತ್ತನೇ ವರ್ಷದ 7 ಲಕ್ಷ ಇವತ್ತಿನ 4.3 ಲಕ್ಷಕ್ಕೆ ಸಮ. ಬಡ್ಡಿಯಲ್ಲಿ ಒಂದು ಪಾಲನ್ನು ಅಸಲಿಗೆ ಸೇರಿಸಲೇಬೇಕು. ಇದನ್ನು ಬಜೆಟ್‌ನಲ್ಲಿ ಬರೆದುಕೊಳ್ಳದ ಟ್ರಸ್ಟ್‌ಗಳೇ ಹೆಚ್ಚು.

ಇನ್ನು ಆದಾಯ ತೆರಿಗೆ. 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಎಲ್ಲರ ಬಾಯಲ್ಲಿರುವ ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬಳಸುತ್ತೇವೆ.

ತೆರಿಗೆ ವಿನಾಯಿತಿ ಪೂರ್ತಿ ಸಿಗಬೇಕಾದರೆ ನೋಂದಾಯಿತ ಟ್ರಸ್ಟ್ ತನ್ನ ಆದಾಯದ ಶೇ 85ನ್ನು ಉದ್ದೇಶಕ್ಕಾಗಿ ವಿನಿಯೋಗಿಸಬೇಕು. 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯ ಪ್ರಕಾರ, ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟಿಗೆ ಕೊಟ್ಟ ಹಣದಲ್ಲಿ ಶೇ 85 ಮಾತ್ರ ವಿನಿಯೋಗವೆಂದು ಪರಿಗಣನೆಯಾಗುತ್ತದೆ. ಲೆಕ್ಕ ನೋಡಿ. ಒಂದು ಕೋಟಿ ಆದಾಯದ ಪ್ರತಿಷ್ಠಾನ 85 ಲಕ್ಷ ವಿನಿಯೋಗಿಸಬೇಕು. ಅಷ್ಟನ್ನೂ ಅನುದಾನವಾಗಿ ಕೊಟ್ಟರೆ ಲೆಕ್ಕಕ್ಕೆ ಸಿಗುವುದು 72.25 ಲಕ್ಷ, 12.75 ಲಕ್ಷದ ಕೊರತೆ. ಕೊರತೆ ತುಂಬಲು ಪೂರ್ತಿ ಒಂದು ಕೋಟಿ ಕೊಡಬೇಕು, ಕಷ್ಟಕಾಲಕ್ಕೆ ಒಂದು ರೂಪಾಯಿಯೂ ಉಳಿಯದು. ಅದೇ ಪ್ರತಿಷ್ಠಾನ ತಾನೇ ನೌಕರರನ್ನು ಇಟ್ಟುಕೊಂಡು ಅದೇ ಕೆಲಸ ಮಾಡಿದರೆ ಖರ್ಚು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಅಂದರೆ ಮೂವತ್ತು ವರ್ಷದಿಂದ ಕೆಲಸ ಬಲ್ಲ ಚಿಕ್ಕ ಸಂಸ್ಥೆಗೆ ಹಣ ಕೊಡುವುದಕ್ಕಿಂತ, ಕೆಲಸ ಗೊತ್ತಿಲ್ಲದ ದೊಡ್ಡ ಪ್ರತಿಷ್ಠಾನವೇ ಕೈಹಾಕುವುದು ಲಾಭ ಎಂದು ಕಾನೂನೇ ಹೇಳಿದಂತಾಯಿತು.

ತಿದ್ದುಪಡಿಯ ಹಿಂದಿನ ಆತಂಕ ಸುಳ್ಳಲ್ಲ. ಟ್ರಸ್ಟಿನಿಂದ ಟ್ರಸ್ಟಿಗೆ ಹಣ ದಾಟುತ್ತಾ ಪ್ರತಿ ಹಂತದಲ್ಲೂ ಶೇ 15 ಉಳಿದರೆ, 100 ರೂಪಾಯಿ ಮೂರನೇ ಹಂತದಲ್ಲಿ 61 ರೂಪಾಯಿ ಚಿಲ್ಲರೆ ಆಗುತ್ತದೆ. ಅದಕ್ಕೆ ಮದ್ದು ಬೇರೆ ಇದೆ. ಪಡೆದ ಸಂಸ್ಥೆ ಆ ಅನುದಾನದಲ್ಲಿ ಶೇ 15 ಉಳಿಸಿಕೊಳ್ಳದೆ ಅದೇ ವರ್ಷ ಅಥವಾ ಮರುವರ್ಷ ಪೂರ್ತಿ ಖರ್ಚು ಮಾಡುವುದಾಗಿ ಘೋಷಿಸಲಿ, ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಅದನ್ನು ದೃಢೀಕರಿಸಲಿ. ಆಗ ಕೊಟ್ಟವರಿಗೆ ಶೇ 100 ಪರಿಗಣಿಸಿ. ಸರಪಳಿ ಅಲ್ಲಿಗೇ ನಿಲ್ಲುತ್ತದೆ.

ಇದರಿಂದ ತಪ್ಪಿಸಿಕೊಳ್ಳಲು ಕೆಲವರು ಅನುದಾನವನ್ನು ಸೇವಾ ಒಪ್ಪಂದವಾಗಿ ಬದಲಿಸುತ್ತಿದ್ದಾರೆ. ಅದು ಇನ್ನೂ ಅಪಾಯ. ಒಪ್ಪಂದವಾದ ಕೂಡಲೇ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ, ಮೇಲೆ ಟಿಡಿಎಸ್. ಅದಕ್ಕಿಂತ ದೊಡ್ಡ ಪೆಟ್ಟು ಸೆಕ್ಷನ್ 2(15)ರದ್ದು. ಶಿಕ್ಷಣ, ವೈದ್ಯಕೀಯ ನೆರವು, ಯೋಗ, ಪರಿಸರ, ಸ್ಮಾರಕಗಳ ರಕ್ಷಣೆ ಅಲ್ಲಿ ಹೆಸರು ಹೇಳಿ ಪಟ್ಟಿಯಾಗಿವೆ. ನಾಟಕ, ಸಂಗೀತ, ಸಾಹಿತ್ಯ ಪ್ರಕಟಣೆ ಸಾಮಾನ್ಯವಾಗಿ ಬೀಳುವುದು ಕೊನೆಯ ‘ಸಾರ್ವಜನಿಕ ಉಪಯುಕ್ತತೆ’ಯ ವರ್ಗಕ್ಕೆ, ಅಲ್ಲಿ ವ್ಯಾಪಾರ ಸ್ವರೂಪದ ಗಳಿಕೆ ಒಟ್ಟು ಜಮೆಯ ಶೇ 20 ಮೀರುವಂತಿಲ್ಲ. ವರ್ಷಕ್ಕೆ 40 ಲಕ್ಷ ಜಮೆಯಿರುವ ರಂಗತಂಡ ಟಿಕೆಟ್ಟು, ಪುಸ್ತಕ ಮಾರಿ 9 ಲಕ್ಷ ಗಳಿಸಿದರೆ ಆ ವರ್ಷದ ವಿನಾಯಿತಿಗೇ ಕುತ್ತು. ವೆಚ್ಚದಷ್ಟೇ ಅಥವಾ ಅಲ್ಪ ಹೆಚ್ಚಿಗೆ ಶುಲ್ಕ ಪಡೆದರೆ ಅದು ವ್ಯಾಪಾರವಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ತಳೆದಿದೆ, ನಿಜ. ಆದರೆ ವೆಚ್ಚ ಎಷ್ಟು ಎಂದು ಪ್ರತಿ ತಂಡವೂ ಪ್ರತಿ ವರ್ಷ ಅಧಿಕಾರಿಯ ಮುಂದೆ ವಾದಿಸಬೇಕು. ನಿಮ್ಮ ಕಾಲ ಮೇಲೆ ನೀವೇ ನಿಲ್ಲಿ ಎಂದು ದಾನಿಗಳು ಹೇಳುತ್ತಾರೆ, ನಿಂತರೆ ತೆರಿಗೆ ಬೀಳುತ್ತದೆ! ಪ್ರದರ್ಶನ ಕಲೆ ಮತ್ತು ಭಾರತೀಯ ಭಾಷೆಗಳ ಪ್ರಕಟಣೆಯನ್ನೂ ಸ್ಮಾರಕಗಳಂತೆ ಹೆಸರಿಸಿ ಪಟ್ಟಿಗೆ ಸೇರಿಸಿ.

ಕಂಪನಿ ಕಾಯ್ದೆಯ ಏಳನೇ ಅನುಸೂಚಿಯ ಒಂಬತ್ತನೇ ಬಾಬು ಸಂಶೋಧನೆಗೆ ಸಂಬಂಧಿಸಿದ್ದು. ಅಲ್ಲಿ ಹಣ ಕೊಡಬಹುದಾದದ್ದು ಸರ್ಕಾರಿ ನೆರವಿನ ಯೋಜನೆಗಳಿಗೆ, ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ, ಐಐಟಿಗಳಿಗೆ, ರಾಷ್ಟ್ರೀಯ ಪ್ರಯೋಗಾಲಯಗಳಿಗೆ. 1948ರ ರಾಮನ್ ಸಂಸ್ಥೆಯಂಥದ್ದು ಇವತ್ತು ಶುರುವಾದರೆ ಆ ಬಾಬಿನಲ್ಲಿ ಜಾಗವಿಲ್ಲ. ಖಾಸಗಿ ಸಂಶೋಧನಾ ಸಂಸ್ಥೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ವ್ಯವಸ್ಥೆ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯಲ್ಲಿ ಈಗಾಗಲೇ ಇದೆ. ಆ ಮಾನ್ಯತೆ ಇರುವವರನ್ನು ಸೇರಿಸಿಕೊಂಡರೆ ಸಾಕು.

ಸಣ್ಣ ಟ್ರಸ್ಟ್‌ಗಳ ನೋಂದಣಿ ಅವಧಿಯನ್ನು 2025ರಲ್ಲಿ ಐದರಿಂದ ಹತ್ತು ವರ್ಷಕ್ಕೆ ಏರಿಸಿದ್ದು ಒಳ್ಳೆಯ ಕೆಲಸ, ಅದಕ್ಕೆ ಕೃತಜ್ಞರು. ದಾನ ಕೊಟ್ಟವರಿಗೆ ಸಿಗುವ 80ಜಿ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ಇಲ್ಲದಿರುವುದರಿಂದ ಚಿಕ್ಕ ದಾನಿಗಳ ಉತ್ಸಾಹ ಇಳಿಯುತ್ತದೆ, ಅದನ್ನೂ ಗಮನಿಸಿ. ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನು ನಿಷೇಧಿಸಿದ 2020ರ ತಿದ್ದುಪಡಿ ಗೃಹ ಇಲಾಖೆಗೆ ಸೇರಿದ್ದು, ಇಲ್ಲಿ ಬೆಳೆಸುವುದಿಲ್ಲ.

ದೋಷವೆಲ್ಲ ಸರ್ಕಾರದ್ದೇ ಎಂದರೆ ಅರ್ಧ ಸತ್ಯವಾದೀತು. ಎರಡು ಲಕ್ಷ ಕೊಟ್ಟು ನಲವತ್ತು ಪುಟದ ತ್ರೈಮಾಸಿಕ ವರದಿ ಕೇಳುವ ಪ್ರತಿಷ್ಠಾನಗಳಿವೆ. ಫೆಬ್ರುವರಿಯಲ್ಲಿ ಹಣ ಹಾಕಿ ಮಾರ್ಚ್ ಅಂತ್ಯಕ್ಕೆ ಬಳಕೆ ಪ್ರಮಾಣಪತ್ರ ಕೇಳುವ ಕಂಪನಿಗಳಿವೆ. ಹಾಗೆ ಕೊನೆ ಗಳಿಗೆಯಲ್ಲಿ ಬಂದ ಹಣವನ್ನು ಮರುವರ್ಷಕ್ಕೆ ಒಯ್ಯಲು ಫಾರ್ಮ್ 9ಎ ಇದೆ. 2023ರ ತಿದ್ದುಪಡಿ ಅದನ್ನು ರಿಟರ್ನ್ ಗಡುವಿಗೆ ಎರಡು ತಿಂಗಳು ಮುಂಚೆಯೇ ಸಲ್ಲಿಸಬೇಕೆಂದಿತು, ರಿಟರ್ನ್ ಗಡುವಿನೊಳಗೆ ಸಲ್ಲಿಸಿದರೂ ಸೌಲಭ್ಯ ನಿರಾಕರಿಸುವುದಿಲ್ಲ ಎಂದು ಅದೇ ವರ್ಷದ ಸುತ್ತೋಲೆ ಹೇಳಿತು. ಸ್ವಯಂಸೇವಕರೇ ಲೆಕ್ಕ ಬರೆಯುವ ಟ್ರಸ್ಟ್‌ಗಳು ಗೊಂದಲಕ್ಕೆ ಬೀಳುವುದು ಇಲ್ಲೇ, ಫಾರ್ಮ್ ತಪ್ಪಿದರೆ ಕೈಗೆ ಬಂದ ದಾನದ ಮೇಲೆ ತೆರಿಗೆ ಬೀಳುತ್ತದೆ. ಈ ಫಾರ್ಮಿನ ಗಡುವನ್ನು ಕಾನೂನಿನಲ್ಲೇ ರಿಟರ್ನ್ ಗಡುವಿಗೆ ಹೊಂದಿಸಿದರೆ ಬೊಕ್ಕಸಕ್ಕೆ ಏನೂ ನಷ್ಟವಿಲ್ಲ.

ಶೇ 85ರ ನಿಯಮಕ್ಕೂ ಸೆಕ್ಷನ್ 2(15)ಕ್ಕೂ ಹಣಕಾಸು ಮಸೂದೆ ಬೇಕು, ಅವು ಮುಂದಿನ ಬಜೆಟ್‌ಗೆ ಕಾಯಲಿ. ಮೂಲನಿಧಿ ಮತ್ತು ಏಳನೇ ಅನುಸೂಚಿಯ ಬದಲಾವಣೆಗಳು ಅಧಿಸೂಚನೆಯಲ್ಲೇ ಆಗಬಹುದು. ಆಡಳಿತ ವೆಚ್ಚದ ಆ ಎರಡು ಸಾಲಿಗೆ ಮಾತ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಒಂದು ಸುತ್ತೋಲೆ ಸಾಕು. ಕಂಪನಿಗಳ ಸಿಎಸ್‌ಆರ್ ಸಮಿತಿಗಳು ಮುಂದಿನ ವರ್ಷದ ಕ್ರಿಯಾಯೋಜನೆ ಸಿದ್ಧಪಡಿಸುವ ಮೊದಲೇ ಅದು ಹೊರಬೀಳಲಿ ಎಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಾಂಸ್ಕೃತಿಕ ಮತ್ತು ಸಂಶೋಧನಾ ಟ್ರಸ್ಟ್‌ಗಳ ಅನುದಾನ, ಲೆಕ್ಕಪತ್ರ ನಿರ್ವಹಣೆಯಲ್ಲಿ ತೊಡಗಿರುವವರು